ಎಡಗಡೆಯ ಜೇಬು

ಮಾರ್ಚ್ ೧೦

ಪ್ರೀತಿಯ ಮೊಂಡಿಗೆ,

ನಾನೂ ನಿನ್ನ ಭಾವನೂ ಕ್ಷೇಮವಾಗಿ ಮನೆ ಸೇರಿದೆವು. ನೀನು ಕೇಳಲಿಲ್ಲ, ನಾನಾಗಿಯೇ ಹೇಳುತ್ತಿದ್ದೇನೆ. ನಿನ್ನ ಆ ನ್ಯಾಷನಲ್ ಪಾರ್ಕಿನಲ್ಲಿ ಫೋನಿಗೆ ಉಸಿರಿಲ್ಲವಲ್ಲ, ಅದಕ್ಕೇ ಕಾಗದ. ವಾರಕ್ಕೊಮ್ಮೆ ಬರುವ ಜೀಪಿನಲ್ಲಿ ಇದೂ ಬಂದು ನಿನ್ನ ಕೈ ಸೇರಲಿ.

ಭಾವನಿಗೆ ನಿಮ್ಮ ಕ್ಯಾಂಪು ಬಹಳ ಹಿಡಿಸಿತು. ಡೇರೆಯ ಬಾಗಿಲಲ್ಲೇ ಹೊಳೆ, ತಲೆಯ ಮೇಲೆ ಆಕಾಶ ಕಾಣದಷ್ಟು ಮರ, ಬೆಳಗ್ಗೆ ಎದ್ದರೆ ಒಣಹಾಕಿದ ಟವೆಲ್ಲು ಇಬ್ಬನಿಗೆ ಮತ್ತೆ ಒದ್ದೆ. "ಇಂಥ ಕಡೆ ಕೆಲ್ಸ ಸಿಕ್ರೆ ಯಾರು ತಾನೇ ವಾಪಸ್ ಬರ್ತಾರೆ ಹೇಳು" ಅಂದರು. ನಾನು ಅಲ್ಲಿಂದ ತಂದದ್ದು ಮಂಡಿನೋವು ಮಾತ್ರ. ಯಾಕೆ ಅಂತ ನಿನಗೆ ಗೊತ್ತು.

ಮೇಜಿನ ಮೇಲೆ ಬ್ರೆಡ್ಡು ಬಿಟ್ಟು ತಟ್ಟೆ ತೊಳೆಯಲು ಹೊಳೆಗೆ ಇಳಿದದ್ದು ತಪ್ಪೇ, ಒಪ್ಪಿದೆ. ಕರಡಿಗೆ ಸಿಗದಿರಲಿ ಅಂತ ನೀವು ಇಟ್ಟಿರುವ ಆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕಿತ್ತು. ಆದರೆ ನೀನು ಗಾರ್ಡ್ ಯೂನಿಫಾರ್ಮಿನಲ್ಲಿ ಬಂದು ಸೀಟಿ ಊದಿ, ಅಕ್ಕಪಕ್ಕದ ಡೇರೆಯವರೆಲ್ಲ ಇಣುಕುವ ಹಾಗೆ ಮಾಡಿ, "ಮೇಡಂ, ಕೆಳಗೆ ಬಿದ್ದಿರೋ ಚೂರೆಲ್ಲ ಆರಿಸಿ, ಒಂದೂ ಉಳೀಬಾರ್ದು" ಅಂದೆಯಲ್ಲ! ಮೇಡಂ! ಅಮ್ಮ ಹೋದಾಗ ನಿನಗಿನ್ನೂ ಹಾಲುಹಲ್ಲು. ಅಂದಿನಿಂದ ನಿನ್ನ ಬಾಯಿಗೆ ತುತ್ತಿಟ್ಟ ಕೈ ಇದು. ನನ್ನನ್ನು ಮಂಡಿಯೂರಿಸಿ ಆ ಕೈಯಿಂದಲೇ ನೆಲದ ಚೂರು ಹೆಕ್ಕಿಸಿದೆ. ಪಕ್ಕದ ಡೇರೆಯ ಹೆಂಗಸು ಕಿಸಕ್ಕನೆ ನಕ್ಕಳು. ನೀನು ಅವಳ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬೂಟಿನ ತುದಿಯಿಂದ "ಅಲ್ಲೊಂದಿದೆ" ಅಂತ ತೋರಿಸಿದೆ.

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆಯನ್ನು ನಿನ್ನಂಥವರನ್ನು ನೋಡಿಯೇ ಮಾಡಿರಬೇಕು. ಊರಿಗೂ ಅಲ್ಲ ಬಿಡು, ಕರಡಿಗೆ ಉಪಕಾರಿ.

ಅಂಗಡಿಯ ಮೇಲೆ ಇನ್ನೂ 'ಅಕ್ಕತಂಗಿ ಟೈಲರ್ಸ್' ಅಂತಲೇ ಇದೆ. ಬಂದವರು "ಅಕ್ಕ ಇದ್ದೀರಿ, ತಂಗಿ ಎಲ್ಲಿ?" ಅನ್ನುತ್ತಾರೆ. ಕಾಡಿಗೆ ಹೋಗಿದ್ದಾಳೆ ಅಂದರೆ ತಮಾಷೆ ಅಂದುಕೊಂಡು ನಗುತ್ತಾರೆ. ನಿನ್ನ ಮೆಷಿನ್ನಿನ ಮೇಲೆ ಭಾವ ಇಸ್ತ್ರಿಯಾದ ಬಟ್ಟೆ ಪೇರಿಸುತ್ತಾರೆ. ನಾನು ತೆಗೆಯುತ್ತೇನೆ, ಅವರು ಮತ್ತೆ ಪೇರಿಸುತ್ತಾರೆ.

ಈ ಪೊಟ್ಟಣದಲ್ಲಿ ಒಂದು ಸ್ವೆಟರ್ ಇದೆ. ಹಸಿರು ಉಣ್ಣೆ, ಹೊಳೆಯ ಚಳಿಗೆ ಆದೀತು. ಜೇಬು ಒಂದೇ, ಎಡಗಡೆಗೆ. ನನ್ನಂಥ ಎಡಚಿ ಹೊಲಿದರೆ ಜೇಬು ಎಡಕ್ಕೇ ಬರುತ್ತದೆ ಅಂತ ನೀನು ಚಿಕ್ಕಂದಿನಲ್ಲಿ ನಗುತ್ತಿದ್ದೆ. ಇಡೀ ಶಾಲೆಯಲ್ಲಿ ನಿನ್ನೊಬ್ಬಳ ಲಂಗಕ್ಕೇ ಎಡಗಡೆಯ ಜೇಬು. ಉಣ್ಣೆ ಮಿಕ್ಕಿತು, ನನಗೂ ಅಂಥದ್ದೇ ಒಂದು ಹೆಣೆದುಕೊಂಡೆ. ಬಟ್ಟೆಯಲ್ಲಾದರೂ ಅಕ್ಕತಂಗಿ ಅನ್ನಿಸಿಕೊಳ್ಳೋಣ.

ಇಂತಿ,
ಮೇಡಂ
(ಅಂದರೆ ನಿನ್ನ ಅಕ್ಕ)


ಮಾರ್ಚ್ ೨೪

ಅಕ್ಕಾ,

ಸ್ವೆಟರ್ ಬಂತು. ಬೆಚ್ಚಗಿದೆ. ಬೆಳಗಿನ ಗಸ್ತಿಗೆ ಈಗ ಅದನ್ನೇ ಹಾಕಿಕೊಳ್ಳುತ್ತೇನೆ.

ಮೇಡಂ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಯೂನಿಫಾರ್ಮಿನಲ್ಲಿರುವಾಗ ನನಗೆ ಎಲ್ಲರೂ ಸಾರ್, ಎಲ್ಲರೂ ಮೇಡಂ. ಅಕ್ಕ ಅಂತ ನಿನ್ನನ್ನು ಬಿಟ್ಟಿದ್ದರೆ ಆ ನಕ್ಕ ಹೆಂಗಸು ಮಾರನೆಯ ದಿನ ತಿಂಡಿಯ ಬುಟ್ಟಿಯನ್ನೇ ಹೊರಗಿಡುತ್ತಿದ್ದಳು. ನಿನಗೆ ಅದು ಬ್ರೆಡ್ಡಿನ ಚೂರು. ನನಗೆ ಅದು ಹರಕುಕಿವಿಯ ಜೀವ.

ಹರಕುಕಿವಿ ಅಂದರೆ ಇಲ್ಲಿಯ ಒಂದು ಹೆಣ್ಣು ಕರಡಿ. ನಾನು ಕೆಲಸಕ್ಕೆ ಸೇರುವ ಮೊದಲು ಯಾರೋ ಪುಣ್ಯಾತ್ಮರು ಫೋಟೋ ತೆಗೆಯುವ ಆಸೆಗೆ ಅವಳಿಗೆ ತಿಂಡಿ ಹಾಕಿದರು. ಕೈಯಿಂದ ತಿಂದ ಕರಡಿ ಆಮೇಲೆ ಹಣ್ಣು, ಗೆದ್ದಲು ಅಂತ ಅಲೆಯುವುದಿಲ್ಲ ಅಕ್ಕಾ. ಮನುಷ್ಯರ ವಾಸನೆ ಬಂದ ಕಡೆಯೇ ಊಟ ಅಂದುಕೊಳ್ಳುತ್ತದೆ. ಡೇರೆಗೆ ನುಗ್ಗಿದಳು. ಬೋನಿಗೆ ಹಾಕಿ ಬೆಟ್ಟದಾಚೆ ಬಿಟ್ಟರೆ ವಾಪಸು ಬಂದಳು. ಈಗ ಅವಳ ಕಿವಿಗೆ ಹಳದಿ ಬಿಲ್ಲೆ ಹೊಡೆದಿದ್ದಾರೆ. ಬಿಲ್ಲೆ ಇರುವ ಕರಡಿ ಇನ್ನೊಂದು ಸಲ ಡೇರೆಗೆ ನುಗ್ಗಿದರೆ ಬೋನಿಲ್ಲ, ಗುಂಡು. ಹೊಡೆಯುವುದು ಆ ಕ್ಯಾಂಪಿನ ಗಾರ್ಡ್. ಅಂದರೆ ನಾನು.

ಎರಡು ವರ್ಷದಿಂದ ತಟ್ಟೆ ಬಡಿದು, ಕಲ್ಲು ಬೀರಿ, ಬಾಯಿಗೆ ಬಂದದ್ದು ಬೈದು ಅವಳನ್ನು ದೂರ ಅಟ್ಟಿದ್ದೇನೆ. ಈಗ ಜೊತೆಗೆ ಹೋದ ವರ್ಷದ ಒಂದು ಮರಿ ಇದೆ. ಮೊನ್ನೆ ನನ್ನನ್ನು ಕಂಡದ್ದೇ ಮರಿಯನ್ನು ಮುಂದೆ ಹಾಕಿಕೊಂಡು ಓಡಿದಳು, ತಿರುಗಿಯೂ ನೋಡಲಿಲ್ಲ. ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ. ಅವಳಿಗೇನಾದರೂ ಆದರೆ ನಾನು ಇಲ್ಲಿ ಇರಲಾರೆ.

ಮೆಷಿನ್ನಿನ ಮೇಲೆ ಬಟ್ಟೆ ಪೇರಿಸಲಿ ಬಿಡು. ಬೋರ್ಡು ಬದಲಾಯಿಸು.

ನಿನ್ನ ತಂಗಿ


ಏಪ್ರಿಲ್ ೮

ಮೊಂಡಿ,

"ಬೋರ್ಡು ಬದಲಾಯಿಸು." ಎಷ್ಟು ಸಲೀಸಾಗಿ ಬರೆದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ನಿನಗಂತೂ ದಾಟಲು ನಿಜವಾದ ಹೊಳೆಯೇ ಸಿಕ್ಕಿದೆ.

ನಿನ್ನ ಕಾಗದವನ್ನು ಭಾವನಿಗೂ ಓದಿ ಹೇಳಿದೆ. ಕರಡಿಯ ಕಿವಿಗೆ ಅರ್ಧ ಕಾಗದ, ಅಕ್ಕನ ಮಂಡಿಗೆ ಒಂದು ಸಾಲೂ ಇಲ್ಲ. ಕರಡಿ ಓಡಿದ್ದಕ್ಕೆ ಅತ್ತೆಯಂತೆ. ಹೋದ ವರ್ಷ ನನ್ನ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಾಗ "ರಜೆ ಸಿಗ್ಲಿಲ್ಲ ಅಕ್ಕಾ" ಅಂತ ನಾಲ್ಕು ಸಾಲು ಗೀಚಿದ್ದೆ. ಮಕ್ಕಳಾಗಲಿಲ್ಲವಲ್ಲ ಅಂತ ಡಾಕ್ಟರ್ ಕನಿಕರಪಟ್ಟರೆ, ಇದ್ದಾಳೆ ಒಬ್ಬಳು, ಬರ್ತಾಳೆ ಅಂದಿದ್ದೆ ನಾನು. ಎರಡು ವರ್ಷ ಇದ್ದು ವಾಪಸು ಬರುತ್ತೇನೆ ಅಂತ ಹೇಳಿ ಹೋದವಳು ನೀನೇ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನುವುದು ಸುಳ್ಳಲ್ಲ.

ಹೋಗಲಿ, ಜಗಳ ಬೇಡ. ನನಗೂ ವಯಸ್ಸಾಯಿತು. ನಿನ್ನ ಆ ಹರಕುಕಿವಿಯನ್ನು ದೂರದಿಂದ ಒಮ್ಮೆ ನೋಡಬೇಕು ಅನ್ನಿಸಿದೆ. ಯಾವ ಹೊತ್ತಿಗೆ ಬರುತ್ತಾಳೆ, ಎಲ್ಲಿ ಓಡಾಡುತ್ತಾಳೆ? ನೀನು ಯಾವಾಗ ಇರುತ್ತೀಯ, ಯಾವಾಗ ಇರುವುದಿಲ್ಲ, ಅದನ್ನೂ ತಿಳಿಸು. ಸುಮ್ಮನೆ ಬಂದು ಬಾಗಿಲು ನೋಡಿಕೊಂಡು ಹೋಗುವ ಹಾಗಾಗಬಾರದು.

ನಿನ್ನ ಅಕ್ಕ


ಏಪ್ರಿಲ್ ೨೨

ಪ್ರೀತಿಯ ಅಕ್ಕಾ,

ನಿನ್ನ ಬೈಗುಳವೆಲ್ಲ ಸರಿ. ಆಪರೇಷನ್ ಹೊತ್ತಿಗೆ ನಾನು ಬರಬೇಕಿತ್ತು. ರಜೆ ಸಿಗಲಿಲ್ಲ ಅನ್ನುವುದು ನಿಜ, ಜಗಳವಾಡಿ ಕೇಳಲಿಲ್ಲ ಅನ್ನುವುದೂ ನಿಜ.

ಹರಕುಕಿವಿಯನ್ನು ನೋಡಬೇಕು ಅಂದೆಯಲ್ಲ, ಅದನ್ನು ಓದಿ ಎಷ್ಟು ಖುಷಿಯಾಯಿತು ಗೊತ್ತಾ? ನಾನು ಇಲ್ಲಿಗೆ ಬಂದಾಗಿನಿಂದ ನನ್ನ ಕೆಲಸದ ಬಗ್ಗೆ ನೀನು ಕೇಳಿದ ಮೊದಲ ಪ್ರಶ್ನೆ ಇದು. ಕೊನೆಯ ಡೇರೆಯ ಜಾಗ ದಾಟಿದರೆ ಹೊಳೆ ತಿರುಗುವ ಕಡೆ ಒಂದು ಬೋಳುಬಂಡೆ ಇದೆ. ಬಿಸಿಲು ಇಳಿದ ಮೇಲೆ ಅದರ ಆಚೆಗೆ ನೀರಿಗೆ ಬರುತ್ತಾಳೆ. ಮೇ ತಿಂಗಳ ಕೊನೆಯ ಎರಡು ವಾರ ನಾನು ಟ್ರೇನಿಂಗಿಗೆ ಹೋಗುತ್ತೇನೆ. ಆಗ ಬೇರೆಯವನೊಬ್ಬ ಇರುತ್ತಾನೆ, ಹೊಸಬ, ನಿದ್ದೆಬುರುಕ. ಆಗ ಬರಬೇಡ. ಜೂನಿನಲ್ಲಿ ಬಾ. ಗಾಳಿ ನಮ್ಮ ಕಡೆಗೆ ಬೀಸುವ ದಿನ ನೋಡಿ ನಿನ್ನನ್ನು ಮರದ ಹಿಂದೆ ಕೂರಿಸಿ ತೋರಿಸುತ್ತೇನೆ. ನಿನ್ನ ಮಂಡಿಗೆ ಒಂದು ಮಡಿಸುವ ಕುರ್ಚಿ ತರಿಸಿಡುತ್ತೇನೆ.

ನೀನು ನೋಡಿದ ಮೇಲೆ ನಾನು ಯಾಕೆ ಇಲ್ಲಿದ್ದೇನೆ ಅಂತ ನಿನಗೂ ಅರ್ಥವಾದೀತು.

ನಿನ್ನ ಮೊಂಡಿ


ಮೇ ೨೩, ಹೊಳೆಯ ದಡದಿಂದ

ಯಜಮಾನರಿಗೆ,

ನೀವು ಬೇಡ ಅಂದಿರಿ, ನಾನು ಬಂದೆ. ನಮ್ಮ ಮನೆಯಲ್ಲಿ ಇದೇನು ಹೊಸದಲ್ಲ. ಡೇರೆ ಕಟ್ಟಲು ಪಕ್ಕದವರು ಸಹಾಯ ಮಾಡಿದರು. ಕೊನೆಯ ಜಾಗವೇ ಸಿಕ್ಕಿತು. ಗಾರ್ಡ್ ಹೆಸರಿಗೆ ಗಾರ್ಡ್, ಕುರ್ಚಿ ಕಂಡರೆ ಗೊರಕೆ. ನಮ್ಮ ಮೊಂಡಿ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಮೇಡಂ ಅಂದಿರುತ್ತಿದ್ದಳು.

ಮೊದಲ ಸಂಜೆ ಬಂಡೆಯ ಮೇಲೆ ಜಾಮ್ ಸವರಿದ ಬ್ರೆಡ್ಡು ಇಟ್ಟು ಬಂದೆ. ಮರುದಿನ ಅಲ್ಲೇ ಸ್ವಲ್ಪ ದೂರದಲ್ಲಿ ಕೂತೆ. ಬಂದಳು. ನನ್ನನ್ನು ನೋಡಿ ಹರಕುಕಿವಿ ಹಿಂದೆ ಸರಿದಳು, ಮತ್ತೆ ಬಂದಳು. ಎಷ್ಟಾದರೂ ಹಳೆಯ ರುಚಿ, ನಾಲಿಗೆ ಮರೆಯುತ್ತದೆಯೇ? ನಿನ್ನೆ ನನ್ನ ಕೈಯಿಂದಲೇ ತಿಂದಳು. ಒಮ್ಮೆ ಕೈ ಹಿಂದೆಳೆದುಕೊಂಡೆ, ಸುಳ್ಳೇಕೆ ಹೇಳಲಿ. ಬಿಸಿ ಉಸಿರು, ಒದ್ದೆ ಮೂತಿ. ಬ್ರೆಡ್ಡು ಮುಗಿದ ಮೇಲೆ ಸ್ವೆಟರಿನ ಜೇಬಿಗೆ ಇಡೀ ಮೂತಿ ತೂರಿಸಿ ಬಿಸ್ಕತ್ತೆಲ್ಲ ತಿಂದಳು, ಪುಡಿಯನ್ನೂ ಬಿಡದೆ ನೆಕ್ಕಿದಳು. ಹಿಂದೆ ಮರಿಯೊಂದು ಪಿಳಿಪಿಳಿ ನೋಡುತ್ತ ನಿಂತಿತ್ತು. ಪಾಪ ಅನ್ನಿಸಿ ಅದಕ್ಕೂ ಹಾಕಿದೆ.

ನಿಮಗೆ ಒಂದು ಮಾತು ಹೇಳುತ್ತೇನೆ, ನಗಬೇಡಿ. ನನಗೆ ತುಂಬ ಸಂತೋಷವಾಯಿತು. ಯಾರಾದರೂ ನನ್ನ ಕೈಯಿಂದ ಅಷ್ಟು ಆಸೆಪಟ್ಟು ತಿಂದು ಎಷ್ಟು ಕಾಲವಾಗಿತ್ತು! ನೀವಂತೂ ಪೇಪರ್ ನೋಡುತ್ತ ಉಣ್ಣುವವರು, ತಟ್ಟೆಯಲ್ಲಿ ರದ್ದಿ ಬಡಿಸಿದರೂ ಗೊತ್ತಾಗದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನೀವು ಹೇಳಿ ಕಳಿಸಿದಿರಿ. ಅದು ಆಗುವ ಮಾತಲ್ಲ. ಈ ಕರಡಿ ಇರುವವರೆಗೆ ನಮ್ಮ ಮೊಂಡಿ ಮನೆಗೆ ಬರುವುದಿಲ್ಲ. ಇದಕ್ಕೇನಾದರೂ ಆದರೆ ಇರಲಾರೆ ಅಂತ ಅವಳೇ ಕೈಯಾರೆ ಬರೆದುಕೊಟ್ಟಿದ್ದಾಳೆ. ನಾಳೆ ಇದು ಯಾರದ್ದೋ ಡೇರೆಗೆ ಮೂತಿ ತೂರಿಸಿದರೆ ಆ ಕಾನೂನು ಮಾಡಿದವಳು ನಾನಲ್ಲ. ಯಾರಿಗೂ ಗಾಯವಾಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಒಂದು ಕರಡಿ ಹೋಗಿ ಒಂದು ತಂಗಿ ಬಂದರೆ ನನಗೆ ಸಾಕು.

ಅವಳ ಮುಂದೆ ಬಾಯಿ ಬಿಟ್ಟೀರಿ, ಜೋಕೆ. ಆ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದಿಡಿ.

ನಿಮ್ಮವಳು


ಜೂನ್ ೧೪

ಅಕ್ಕಾ,

ಹರಕುಕಿವಿ ಡೇರೆಗೆ ನುಗ್ಗಿದಳು. ಒಬ್ಬರ ತೋಳು ಸಿಗಿದುಹೋಗಿದೆ. ನಾನು ಅವಳಿಗೆ ಗುಂಡು ಹೊಡೆದೆ.

ಇನ್ನು ಬರೆಯಲಾರೆ. ನೀನು ಈಗ ಬರಬೇಡ.

ತಂಗಿ


ಜೂನ್ ೨೫

ನನ್ನ ಕಂದಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಏನು ಮಾಡುವುದು, ಅದರ ಆಯಸ್ಸು ಅಷ್ಟೇ ಇತ್ತು. ಯಾರೋ ತಿಂಡಿ ಹಾಕಿ ಅಭ್ಯಾಸ ಮಾಡಿಸಿರಬೇಕು. ನೀನು ಎಷ್ಟು ಸೀಟಿ ಊದಿದರೂ ಜನಕ್ಕೆ ಬುದ್ಧಿ ಬರುತ್ತದೆಯೇ? ಎಲ್ಲರನ್ನೂ ಮಂಡಿಯೂರಿಸಲು ನಿನ್ನ ಕೈಯಲ್ಲಿ ಆಗುತ್ತದೆಯೇ?

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಗುಂಡು ಹೊಡೆದ ಜಾಗದಲ್ಲೇ ದಿನಾ ಓಡಾಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಅವಳಿಗೇನಾದರೂ ಆದರೆ ಇಲ್ಲಿ ಇರಲಾರೆ ಅಂತ ನೀನೇ ಬರೆದಿದ್ದೆ. ನಿನ್ನ ಮಾತನ್ನೇ ನಿನಗೆ ನೆನಪಿಸುತ್ತಿದ್ದೇನೆ, ತಪ್ಪು ತಿಳಿಯಬೇಡ. ಶಾಲೆಯ ಯೂನಿಫಾರ್ಮುಗಳು ರಾಶಿ ಬಿದ್ದಿವೆ. ಕೈತುಂಬ ಕೆಲಸವಿದ್ದರೆ ತಾನಾಗಿಯೇ ಮರೆಯುತ್ತೀಯ. ನಿನ್ನ ಮೆಷಿನ್ನಿಗೆ ಎಣ್ಣೆ ಬಿಟ್ಟು ಹೊಸ ಬೆಲ್ಟು ಹಾಕಿಸಿದ್ದೇನೆ. ಬೋರ್ಡಿಗೂ ಬಣ್ಣ ಹೊಡೆಸಿದೆ, 'ತಂಗಿ' ಈಗ ರಸ್ತೆಯ ಆ ತುದಿಯಿಂದಲೇ ಕಾಣುತ್ತದೆ.

ಬಂದುಬಿಡು. ಬಂದ ದಿನ ಎದುರಿಗೆ ಕೂರಿಸಿಕೊಂಡು ಚಿಕ್ಕಂದಿನ ಹಾಗೆ ಕೈತುತ್ತು ಹಾಕುತ್ತೇನೆ.

ನಿನ್ನ ಅಕ್ಕ


ಜುಲೈ ೨೦

ಅಕ್ಕಾ,

ಅವತ್ತು ಬರೆಯದೆ ಉಳಿಸಿದ್ದನ್ನು ಈಗ ಬರೆಯುತ್ತೇನೆ. ಕೂತುಕೊಂಡು ಓದು. ಭಾವನಿಗೂ ಓದಿ ಹೇಳು.

ಆರ್ಡರ್ ಬಂದ ಮರುದಿನ ಬೆಳಕು ಹರಿಯುವಾಗ ಬಂಡೆಯ ಹತ್ತಿರ ಹೋದೆ. ಜೊತೆಗೆ ನಮ್ಮ ಸಾಹೇಬರು ಇದ್ದರು. ಚಳಿ ಇತ್ತು, ಯೂನಿಫಾರ್ಮಿನ ಮೇಲೆ ನಿನ್ನ ಸ್ವೆಟರ್ ಹಾಕಿಕೊಂಡಿದ್ದೆ. ನನ್ನನ್ನು ಕಂಡರೆ ಅವಳು ಓಡುತ್ತಾಳೆ, ಓಡಿದರೆ ಗುರಿ ತಪ್ಪಿಸುತ್ತೇನೆ, ಕಾಡಿನೊಳಗೆ ಹೋದಳು, ಸಿಗಲಿಲ್ಲ ಅಂತ ವರದಿ ಬರೆಯುತ್ತೇನೆ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಎರಡು ವರ್ಷ ಓಡಿಸಿ ಓಡಿಸಿ ಕಲಿಸಿದ್ದೆನಲ್ಲ, ಆ ಧೈರ್ಯ.

ಅವಳು ಬಂಡೆಯ ಆಚೆಯಿಂದ ಎದ್ದು ನಿಂತಳು. ತಟ್ಟೆ ಬಡಿದೆ. ಓಡಲಿಲ್ಲ. ಮೂಗೆತ್ತಿ ಗಾಳಿ ಮೂಸಿದಳು. ನೇರ ನನ್ನ ಕಡೆಗೇ ಬಂದಳು. ಕೋಪದಿಂದ ಅಲ್ಲ ಅಕ್ಕಾ, ಮನೆಯ ನಾಯಿ ಬರುತ್ತದಲ್ಲ, ಹಾಗೆ. "ಹೊಡಿ, ಹೊಡಿ, ಏನ್ ನೋಡ್ತಿದ್ದೀಯ" ಅಂತ ಸಾಹೇಬರು ಹಿಂದಿನಿಂದ ಕೂಗುತ್ತಿದ್ದರು. ನನ್ನ ಕೈ ಏಳಲಿಲ್ಲ. ಅವಳು ಬಂದವಳೇ ನನ್ನ ಎಡಗಡೆಯ ಜೇಬಿಗೆ ಮೂತಿ ಹಾಕಿದಳು. ಖಾಲಿ ಜೇಬು. ಒಳಗೆಲ್ಲ ಹುಡುಕಿದಳು, ನೆಕ್ಕಿದಳು, ಏನೂ ಸಿಗದೆ ತಲೆಯೆತ್ತಿ ನನ್ನ ಮುಖ ನೋಡಿದಳು. ಆಗ ಹೊಡೆದೆ. ಅಷ್ಟು ಹತ್ತಿರದಿಂದ ಗುರಿ ಇಡುವ ಅಗತ್ಯವೇ ಇರಲಿಲ್ಲ.

ಬಲಗಡೆಗೆ ಅವಳು ಮೂಸಿಯೂ ನೋಡಲಿಲ್ಲ. ಇಲ್ಲಿಗೆ ಸಾವಿರಾರು ಜನ ಬರುತ್ತಾರೆ. ಅವರ ಸ್ವೆಟರುಗಳಿಗೆ ಜೇಬು ಎರಡಿರುತ್ತವೆ, ಇಲ್ಲವೇ ಒಂದೂ ಇರುವುದಿಲ್ಲ. ಒಂದೇ ಜೇಬನ್ನು ಎಡಗಡೆಗೆ ಹೊಲಿಯುವವಳು ಲೋಕದಲ್ಲಿ ಒಬ್ಬಳೇ. ಅವಳಿಗೆ ತಿನ್ನಿಸಿದ್ದು ಯಾರು ಅಂತ ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಯಾವ ಹೊತ್ತು, ಯಾವ ಬಂಡೆ, ನಾನು ಯಾವಾಗ ಇರುವುದಿಲ್ಲ, ಎಲ್ಲವನ್ನೂ ನಾನೇ ಬರೆದು ಕಳಿಸಿದ್ದೆ. ಅದ್ಯಾವ ಖುಷಿಯಲ್ಲಿ ಬರೆದಿದ್ದೆ ಅಂತ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ನಿನ್ನ ಕುರ್ಚಿ ಬಂದಿದೆ. ಬಿಚ್ಚದೆ ಮೂಲೆಗಿಟ್ಟಿದ್ದೇನೆ.

ನನ್ನ ಮಾತು ನನಗೇ ನೆನಪಿಸಿದೆ. ಹೌದು, ರಾಜೀನಾಮೆ ಬರೆದಿಟ್ಟಿದ್ದೆ. ಅಂದು ಸಂಜೆಯ ಜೀಪಿನಲ್ಲಿ ಕಳಿಸಬೇಕಿತ್ತು. ಅಷ್ಟರಲ್ಲಿ ಮರಿ ಬಂತು. ನೇರ ಡೇರೆಗಳ ನಡುವೆ, ಊಟದ ಮೇಜಿನ ಕೆಳಗೆ. ನನ್ನನ್ನು ಕಂಡು ಓಡಿಬಂದು ಸ್ವೆಟರಿನ ಅಂಚು ಕಚ್ಚಿ ಎಳೆಯಿತು. ಆಗ ಗೊತ್ತಾಯಿತು, ನೀನು ಅದಕ್ಕೂ ಹಾಕಿದ್ದೀಯ.

ತಾಯಿ ಇಲ್ಲದೆಯೂ ಹೊಟ್ಟೆ ಹೊರೆದುಕೊಳ್ಳುವಷ್ಟು ಬೆಳೆದಿದೆ. ಬದುಕುತ್ತದೆ, ಈ ಕಡೆ ಬರುವುದನ್ನು ಬಿಟ್ಟರೆ. ಬಿಡದಿದ್ದರೆ ಅದರ ಕಿವಿಗೂ ಹಳದಿ ಬಿಲ್ಲೆ, ಆಮೇಲೆ ಮತ್ತೆ ನಾನೇ. ಹಾಗಾಗಿ ರಾಜೀನಾಮೆ ಹರಿದುಹಾಕಿದೆ. ದಿನಾ ಬೆಳಗ್ಗೆ ನಿನ್ನ ಸ್ವೆಟರ್ ಹಾಕಿಕೊಂಡು ಬಂಡೆಯ ಹತ್ತಿರ ಹೋಗುತ್ತೇನೆ. ಮರಿ ಹತ್ತಿರ ಬರುವವರೆಗೆ ಕಾಯುತ್ತೇನೆ. ಹತ್ತಿರ ಬಂದ ಮೇಲೆ ಕಲ್ಲು ಹೊಡೆಯುತ್ತೇನೆ. ಮೊದಲ ದಿನ ಆಟ ಅಂದುಕೊಂಡು ಕಲ್ಲನ್ನೇ ಮೂಸಿ ನೋಡಿತು. ಆಮೇಲಾಮೇಲೆ ಕಿರುಚಿತು. ಮಗು ಕಿರುಚಿದ ಹಾಗೇ ಕಿರುಚುತ್ತದೆ. ನಾನು ನಿಲ್ಲಿಸುವುದಿಲ್ಲ. ಹೊಳೆಯಲ್ಲಿ ಕೈ ತೊಳೆದುಕೊಂಡು ಬಂದು ಟೀ ಕುಡಿಯುತ್ತೇನೆ.

ಆದರೆ ಒಂದು ತೊಡಕಿದೆ. ಅವತ್ತು ರಕ್ತ ಆಗಿತ್ತು ಅಂತ ಸ್ವೆಟರ್ ಒಗೆದೆ. ಈಗ ಅದರಲ್ಲಿ ಸೋಪಿನ ವಾಸನೆ, ನನ್ನ ವಾಸನೆ ಮಾತ್ರ ಇದೆ. ಮರಿ ನನಗೆ ಹೆದರಲು ಕಲಿಯುತ್ತಿದೆ. ಅದು ಹೆದರಬೇಕಾದದ್ದು ತಿನ್ನಿಸಿದ ಕೈಗೆ.

ನಿನ್ನ ಸ್ವೆಟರ್ ಕಳಿಸು. ಒಗೆದಿದ್ದರೆ ಮತ್ತೆ ಹಾಕಿಕೋ. ಅಡುಗೆಮನೆಯಲ್ಲಿ, ಮೆಷಿನ್ನಿನ ಮುಂದೆ, ನಿನ್ನ ಬೆವರು ಹಿಡಿಯುವವರೆಗೆ ಹಾಕಿಕೊಂಡು, ಒಗೆಯದೆ ಕಟ್ಟಿ ಕಳಿಸು. ಅದನ್ನು ಹಾಕಿಕೊಂಡೇ ನಾನು ಕಲ್ಲು ಹೊಡೆಯಬೇಕು. ಮರಿ ಬದುಕಬೇಕಾದರೆ ನಿನ್ನ ವಾಸನೆ ಬಂದ ಕಡೆಯಿಂದ ಓಡುವುದನ್ನು ಅದು ಕಲಿಯಬೇಕು. ನಾನು ಕಲಿತಾಯಿತು.

ತಂಗಿ


ಆಗಸ್ಟ್ ೬

ಮೊಂಡಿ,

ಕಳಿಸಿದ್ದೇನೆ. ಒಗೆದು ಮಡಿಸಿಟ್ಟಿದ್ದೆ, ಅದಕ್ಕೇ ತಡವಾಯಿತು. ಒಲೆಯ ಮುಂದೆ ಹಾಕಿಕೊಂಡೆ, ಮೆಷಿನ್ ತುಳಿಯುವಾಗ ಹಾಕಿಕೊಂಡೆ, ಮಲಗುವಾಗಲೂ ಬಿಚ್ಚಲಿಲ್ಲ. ಈ ಸೆಕೆಯಲ್ಲಿ ಉಣ್ಣೆ ತೊಟ್ಟು ಕೂತವಳನ್ನು ನೋಡಿ ಅಳತೆ ಕೊಡಲು ಬಂದವರು "ಮೈಗೆ ಹುಷಾರಿಲ್ವಾ ಅಕ್ಕಾ" ಅಂದರು. ಜ್ವರ ಅಂದೆ.

ಭಾವನಿಗೆ ನಿನ್ನ ಕಾಗದ ಓದಿ ಹೇಳಿದೆ. "ಬೇಡ ಅಂದಿದ್ದೆ" ಅಂದರು, ಅಷ್ಟೇ. ಈಗ ತಟ್ಟೆ ತೆಗೆದುಕೊಂಡು ಅಂಗಡಿಗೆ ಹೋಗಿ ಉಣ್ಣುತ್ತಾರೆ. ನಿನ್ನ ಮೆಷಿನ್ನಿನ ಮೇಲೆ ಮತ್ತೆ ಬಟ್ಟೆ ಪೇರಿಸುತ್ತಿದ್ದಾರೆ. ನಾನು ತೆಗೆಯುತ್ತಿಲ್ಲ.

ಚಿಕ್ಕವಳಿದ್ದಾಗ ನೀನು ಮಾವಿನಕಾಯಿಗೆ ಕಲ್ಲು ಬೀರಿದರೆ ಒಂದೂ ತಾಗುತ್ತಿರಲಿಲ್ಲ. ನಾನೇ ಹಿಂದೆ ನಿಂತು ನಿನ್ನ ಕೈ ಹಿಡಿದು ಹೊಡೆಸುತ್ತಿದ್ದೆ. ಈಗ ಸರಿಯಾಗಿ ಗುರಿ ಇಟ್ಟು ಹೊಡಿ. ಮೆತ್ತಗೆ ಹೊಡೆದರೆ ಅದಕ್ಕೆ ಮತ್ತೆ ಆಸೆ ಹುಟ್ಟುತ್ತದೆ.

ನನ್ನ ವಾಸನೆ ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ. ಇನ್ನೊಂದು ಹೆಣೆಯಲು ಶುರುಮಾಡಿದ್ದೇನೆ. ಅದೇ ಹಸಿರು, ಜೇಬು ಎಡಗಡೆಗೇ. ಬೇಕಾದಾಗ ಕೇಳು. ಮರಿ ಓಡಿದ ದಿನ ಒಂದು ಸಾಲು ಬರಿ. ಬೇಡ, ಬರೆಯಬೇಡ. ನೀನು ಸ್ವೆಟರ್ ಕೇಳುವುದನ್ನು ನಿಲ್ಲಿಸಿದರೆ ನನಗೆ ಗೊತ್ತಾಗುತ್ತದೆ.

ಅಕ್ಕ